ಡೈನಿಂಗ್ ಕುರ್ಚಿಗೆ ಬೆತ್ತದ ಸೀಟು ಹಾಕಿಸಿದ್ರೆ ನಮ್ಮ ಮಳೆಗಾಲಕ್ಕೆ ತಡೆಯುತ್ತಾ?

ಮಂಡಗದ್ದೆಯವ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ನಂದೇ ಒಂದು ಪ್ರಶ್ನೆ ಇದೆ, ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಊರ ಮನೆ ಹಿಸ್ಸೆ ಆಯ್ತು. ನನ್ನ ಪಾಲಿಗೆ ಒಂದು ತಾಮ್ರದ ಹಂಡೆ, ಓಡದ ಒಂದು ಗೋಡೆ ಗಡಿಯಾರ, ಮತ್ತೆ ಅಜ್ಜನ ಕಾಲದ ನಾಲ್ಕು ಕುರ್ಚಿ ಬಂದಿದಾವೆ. ಕೈ ಇಲ್ಲದ ಸಾದಾ ಕುರ್ಚಿ. ಮೊದಲು ಜಗುಲಿ ಮೇಲೆ ಇರ್ತಿದ್ವು, ಮರ್ಯಾದಸ್ತರು ಯಾರಾದ್ರೂ ಬಂದ್ರೆ ಅವರಿಗೆ ಕುರ್ಚಿ, ಉಳಿದವರಿಗೆ ಚಾಪೆ. ಮರ ಹಲಸು ಅಂತಾರೆ ಅಮ್ಮ. ಎರಡರ ಸೀಟಲ್ಲಿ ಬೆತ್ತ ಹರಿದು ಜೋತಾಡ್ತಿದೆ, ಇನ್ನೆರಡಕ್ಕೆ ಯಾರೋ ಪುಣ್ಯಾತ್ಮರು ಪ್ಲೈವುಡ್ ಹೊಡೆದು ಮೇಲೆ ಕೆಂಪು ರೆಕ್ಸಿನ್ ಹಾಕಿದಾರೆ, ಅದೂ ಈಗ ಸಿಪ್ಪೆ ಸುಲಿತಾ ಇದೆ.

ಇತ್ಲಾಗೆ ಶಿವಮೊಗ್ಗ ವಿನೋಬನಗರದ ಮನೆಗೆ ಡೈನಿಂಗ್ ಟೇಬಲ್ ತಗೋಬೇಕು ಅಂತ ವರ್ಷದಿಂದ ಮಾತು ನಡೀತಿದೆ. ಮನೆಯವಳು ಬೆಂಗಳೂರಲ್ಲಿ ಒಂದು ಅಂಗಡೀಲಿ ಜಾಲರಿ ಜಾಲರಿ ಬೆತ್ತದ ಸೀಟಿನ ಕುರ್ಚಿ ನೋಡ್ಕೊಂಡು ಬಂದಿದಾಳೆ, ಒಂದಕ್ಕೆ 9,500 ಅಂತೆ, ಆರು ಬೇಕಂತೆ. ಅಂಗಡಿಯವನು ಫುಲ್ ನ್ಯಾಚುರಲ್ ಮೇಡಂ ಅಂತ ಹೇಳಿದಾನಂತೆ. ಅಮ್ಮ ಏನಂತಾರೆ ಅಂದ್ರೆ ಬೆತ್ತ ಬೇಡವೇ ಬೇಡ, ಆರಿದ್ರ ಮಳೆ ಹಿಡಿದ್ರೆ ಬೂಷ್ಟು, ಮಳೆ ಬಿಟ್ರೆ ಕುಟ್ಟೆ ಹುಳ, ನಾವು ಅನುಭವಿಸಿದ್ದು ಸಾಕು, ಸ್ಟೀಲಿಂದು ತಗೊಳ್ಳಿ ಅಂತ. ನಾನು ಇಬ್ಬರ ಮಧ್ಯೆ ಇದೀನಿ, ಜೇಬು ಒಂದೇ.

ನನ್ನ ತಲೇಲಿ ಇರೋದು ಅಜ್ಜನ ನಾಲ್ಕು ಕುರ್ಚಿನೇ ರಿಪೇರಿ ಮಾಡ್ಸಿ ಊಟದ ಟೇಬಲ್ಲಿಗೆ ಹಾಕೋದು. ಆಗುತ್ತಾ? ಬೆತ್ತನೇ ಹಾಕಿಸ್ಬೇಕಾ, ಸೆಣಬು, ತೆಂಗಿನ ಹುರಿ, ಬಾಳೆ ನಾರು ಇಂಥದ್ದೆಲ್ಲ ಬರ್ತಿದೆಯಲ್ಲ ಈಗ, ಅದು ಹೆಂಗೆ? ದಿನಾ ಮೂರು ಹೊತ್ತು ಊಟಕ್ಕೆ ಕೂರೋ ಕುರ್ಚಿ ಇದು, ನೆನಪಿರಲಿ, ಶೋಗೆ ಅಲ್ಲ. ಇಬ್ಬರು ಮಕ್ಕಳಿದಾರೆ, ಅವರು ಕುರ್ಚಿ ಮೇಲೆ ಕೂರೋದಕ್ಕಿಂತ ನಿಲ್ಲೋದೇ ಜಾಸ್ತಿ.

ಸಾಗರದ ಬಡಗಿ:

ಮೊದಲು ಒಂದು ಕೆಲಸ ಮಾಡಿ. ಕುರ್ಚಿ ತಲೆಕೆಳಗೆ ಮಾಡಿ, ಸೀಟಿನ ಚೌಕಟ್ಟಿನ ಅಡಿ ನೋಡಿ. ಸುತ್ತಲೂ ಅರ್ಧರ್ಧ ಇಂಚಿಗೆ ಒಂದೊಂದು ತೂತು ಇದ್ರೆ ಅದು ಕೈಯಲ್ಲಿ ಹೆಣೆದ ಸೀಟು. ತೂತು ಇಲ್ದೆ ಮೇಲುಗಡೆ ಸುತ್ತ ಒಂದು ಗ್ರೂವ್ ಹೊಡೆದು ಅದರೊಳಗೆ ಬೆತ್ತದ ಬೀಡಿಂಗ್, ಅಂದ್ರೆ ಸಣ್ಣ ಅಂಚುಪಟ್ಟಿ, ಬಡಿದಿದ್ರೆ ಅದು ಮಿಷಿನ್ನಲ್ಲಿ ನೇಯ್ದು ರೋಲಲ್ಲಿ ಬರೋ ಶೀಟು. ನಿಮ್ಮ ಮನೆಯವರು ನೋಡಿದ್ದು ಬಹುಶಃ ಈ ಶೀಟಿಂದೇ. ಎರಡೂ ಬೆತ್ತನೇ, ಅಂಗಡಿಯವನು ಸುಳ್ಳು ಹೇಳಿಲ್ಲ, ಆದ್ರೆ ಬಾಳಿಕೆಯಲ್ಲಿ ಬಾಳ ವ್ಯತ್ಯಾಸ.

ಕೈ ಹೆಣಿಗೆಯಲ್ಲಿ ಪ್ರತಿ ಎಳೆನೂ ತೂತಿನೊಳಗೆ ಇಳಿದು ಅಡಿಯಿಂದ ಪಕ್ಕದ ತೂತಿಗೆ ಹೋಗಿ ಮತ್ತೆ ಮೇಲೆ ಬರುತ್ತೆ, ಭಾರ ಎಲ್ಲ ಮರದ ಮೇಲೆ. ಶೀಟಿನಲ್ಲಿ ಭಾರ ಎಲ್ಲ ಗ್ರೂವ್ ಒಳಗಿನ ಗೋಂದಿನ ಮೇಲೆ. ಒಣ ಊರಲ್ಲಿ ಅದೂ ಏನೂ ಆಗಲ್ಲ, ನಮ್ಮಲ್ಲಿ ನಾಲ್ಕು ತಿಂಗಳು ಗೋಡೆನೇ ಬೆವರುತ್ತೆ ಗೋಂದು ಏನು ಮಾಡುತ್ತೆ ಪಾಪ.

ಫೋಟೋ ಹಾಕಿ ನೋಡೋಣ. ಪ್ಲೈವುಡ್ ಕೀಳೋವಾಗ ಮೊಳೆನ ಅಡಿಯಿಂದ ಬಡಿದು ಎಬ್ಬಿಸಿ, ಮೇಲಿಂದ ಮೀಟಿದ್ರೆ ಹಳೇ ಹಲಸು ಸೀಳಿಬಿಡುತ್ತೆ.

ಕೊಪ್ಪದ ಕಾಫಿ:

ಶೀಟಿನ ವಿಷಯ ನಾನು ಹೇಳ್ತೀನಿ, ದುಡ್ಡು ಕೊಟ್ಟು ಕಲಿತಿದೀನಿ. ಎರಡು ವರ್ಷದ ಹಿಂದೆ ದೊಡ್ಡ ಅಂಗಡಿಯೊಂದರಿಂದ ಆರು ಕುರ್ಚಿ ತರಿಸಿದ್ವಿ, ಹೆಸರು ಬೇಡ ಬಿಡಿ, ಮೊದಲ ಮಳೆಗಾಲ ಚೆನ್ನಾಗೇ ಇತ್ತು, ಎರಡನೇ ಮಳೆಗಾಲದಲ್ಲಿ ಆಗಸ್ಟ್ ತಿಂಗಳು ಮನೆಗೆ ನೆಂಟರು ಬಂದಿದ್ರು, ನಮ್ಮ ಭಾವನವರು ಸ್ವಲ್ಪ ತೂಕದ ಆಸಾಮಿ, ಅವರು ಎರಡನೇ ಸಲ ಸಾರು ಹಾಕಿಸ್ಕೊಳ್ಳೋಕೆ ಮುಂದೆ ಬಾಗಿದಾರೆ, ಪಟಕ್ ಅಂತ ಒಂದು ಸೌಂಡು, ಹಿಂದಿನ ಬೀಡಿಂಗ್ ಎದ್ದು ಶೀಟು ಹೊರಗೆ ಬಂದು ಭಾವ ಸೀದಾ ಒಳಗೆ. ತಟ್ಟೆ ಬಿಡಲಿಲ್ಲ ಅನ್ನೋದು ಅವರ ದೊಡ್ಡತನ. ಅಂಗಡಿಗೆ ಫೋನ್ ಮಾಡಿದ್ರೆ ನ್ಯಾಚುರಲ್ ಮೆಟೀರಿಯಲ್ಲಿಗೆ ವಾರಂಟಿ ಬರಲ್ಲ ಸಾರ್ ಅಂತ. ಮಾರೋವಾಗ ನ್ಯಾಚುರಲ್ ಅನ್ನೋದೇ ದೊಡ್ಡ ಗುಣ, ಮುರಿದಾಗ ಅದೇ ದೋಷ.

ಈಗ ಆ ಕುರ್ಚಿ ಮೇಲೆ ಬೋರ್ಡು ಹಾಕಿ ಗಿಡದ ಕುಂಡ ಇಟ್ಟಿದೀವಿ.

ಊರು ಬಿಟ್ಟು ಬೆಂಗಳೂರು:

ಬೆತ್ತ ಒಂದೇ ಯಾಕೆ, ಪೇಪರ್ ಕಾರ್ಡ್ ನೋಡಿದೀರಾ? ಡೆನ್ಮಾರ್ಕಿನವರು ಮಾಡ್ತಾರೆ, ಕಾಗದನ ಬಿಗಿಯಾಗಿ ಹೊಸೆದು ಹುರಿ ಮಾಡಿ ಅದರಲ್ಲಿ ಸೀಟು ಸುತ್ತೋದು. ಹಾನ್ಸ್ ವೆಗ್ನರ್ 1949ರಲ್ಲಿ ಡಿಸೈನ್ ಮಾಡಿದ ವಿಶ್‌ಬೋನ್ ಚೇರ್ ಅಂತ ಬಾಳ ಫೇಮಸ್ಸು, ಒಂದೊಂದು ಸೀಟಿಗೆ ಸುಮಾರು 120 ಮೀಟರ್ ಕಾಗದದ ಹುರಿ ಹೋಗುತ್ತೆ, ಕೈಯಲ್ಲೇ ಸುತ್ತೋದು, ದಶಕಗಟ್ಟಲೆ ಬರುತ್ತೆ. ನಮ್ಮ ಆಫೀಸ್ ರಿಸೆಪ್ಶನ್ನಲ್ಲಿ ಅದರ ಕಾಪಿ ಎರಡಿದೆ, ಕೂತ್ರೆ ಏಳೋಕೆ ಮನಸಾಗಲ್ಲ. ಲುಕ್ ಅಂತೂ ಬೇರೆ ಲೆವೆಲ್.

ಕೊಪ್ಪದ ಕಾಫಿ:

ಕಾಗದದ ಸೀಟು. ಆಗುಂಬೆ ಪಕ್ಕ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ನಮ್ಮನೇಲಿ ಜುಲೈಲಿ ಪೇಪರ್ ಓದೋಕೆ ಒಲೆ ಮುಂದೆ ಹಿಡಿದು ಒಣಗಿಸ್ಕೋಬೇಕು ಮಾರಾಯ್ರೆ, ಕುರ್ಚಿ ಬೇರೆ.

ಊರು ಬಿಟ್ಟು ಬೆಂಗಳೂರು:

ಹ್ಹಹ್ಹ ಸರಿ ಸರಿ ಒಪ್ಕೊಂಡೆ. ಆದ್ರೂ ಅದು ಶುರುವಾಗಿದ್ದೇ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿಂದ ಬರೋ ಸೀಗ್ರಾಸ್ ಹುಲ್ಲಿನ ಹುರಿ ಸಿಗದೆ ಇದ್ದಾಗ. ಅವರ ಹತ್ರ ಇದ್ದಿದ್ದು ಕಾಗದ, ಅದರಲ್ಲಿ ಮಾಡಿದ್ರು. ನಮ್ಮ ಹತ್ರ ಏನಿದೆ ಅಂತ ನಾವು ನೋಡ್ಬೇಕು ಅನ್ನೋದು ನನ್ನ ಪಾಯಿಂಟು. ಬಾಳೆ ನಾರು ಯಾರಾದ್ರೂ ಟ್ರೈ ಮಾಡಿದೀರಾ? ಆನೆಗುಂದಿಯಲ್ಲಿ ಹೆಂಗಸರು ಬಾಳೆ ನಾರಲ್ಲಿ ಬ್ಯಾಗು, ಮ್ಯಾಟು ಎಲ್ಲ ಮಾಡ್ತಾರೆ, ಚೆನ್ನಾಗಿರ್ತಾವೆ.

ಹೊಸನಗರ ಅತ್ತಿಗೆ:

ಬಾಳೆ ನಾರು ನಾನು ಟ್ರೈ ಮಾಡಿದೀನಿ, ತೋಟದಲ್ಲಿ ಅಡಿಕೆ ಮಧ್ಯ ಬಾಳೆ ಇದ್ದೇ ಇದೆಯಲ್ಲ, ನಾರು ತೆಗೆದು ಒಣಗಿಸಿ ಹೊಸೆದು ಒಂದು ಮಣೆ ಎತ್ತರದ ಸ್ಟೂಲಿಗೆ ಸುತ್ತಿದೆ. ಮಾಡಿದಾಗ ಬಂಗಾರದ ಬಣ್ಣ, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮೂರು ತಿಂಗಳಿಗೆ ಮೇಲೆಲ್ಲ ಜುಂಗು ಎದ್ದು ಬೆಕ್ಕಿನ ಬೆನ್ನು ಥರ ಆಯ್ತು, ಮಗ ಒಂದಿನ ಸಾಂಬಾರ್ ಚೆಲ್ಲಿದ, ಆ ಕಲೆ ಇವತ್ತಿಗೂ ಇದೆ, ಮಳೆಗಾಲದಲ್ಲಿ ಬಿಳಿ ಬೂಷ್ಟು ಬಂತು ತಿಕ್ಕಿದೆ, ಮತ್ತೆ ಬಂತು, ಆಮೇಲೆ ಬಿಟ್ಟೆ. ಬ್ಯಾಗಿಗೆ ಸರಿ, ಊಟದ ಕುರ್ಚಿಗೆ ಬೇಡ. ಸೆಣಬೂ ಅಷ್ಟೇ, ಒದ್ದೆ ಆದ್ರೆ ಗೋಣಿಚೀಲದ ವಾಸನೆ ಬರುತ್ತೆ, ಪಾಯಸ ತಿಂತಾ ಗೋಣಿ ವಾಸನೆ ಯಾರಿಗೆ ಬೇಕು. ತೆಂಗಿನ ಹುರಿ ನೀರಿಗೆ ಹೆದರಲ್ಲ, ಗಟ್ಟಿ, ಆದ್ರೆ ಚುಚ್ಚುತ್ತೆ. ನೈಟಿ ಹಾಕ್ಕೊಂಡು ಕೂತು ನೋಡಿ ಗೊತ್ತಾಗುತ್ತೆ, ಸೀರೆ ಅಂಚಿನ ದಾರ ಎಲ್ಲ ಅದಕ್ಕೆ ಸಿಕ್ಕಾಕೊಳುತ್ತೆ.

ನನ್ನ ಕೇಳಿದ್ರೆ ನವಾರು ಪಟ್ಟಿ ಹಾಕ್ಸಿ. ಹತ್ತಿದೇ ತಾನೆ, ಅದೂ ನ್ಯಾಚುರಲ್ಲೇ. ಮೊದಲು ನವಾರು ಮಂಚ ಇರ್ತಿತ್ತಲ್ಲ ಅದೇ ಪಟ್ಟಿ, ಅಡ್ಡ ಉದ್ದ ಒಂದರ ಮೇಲೆ ಒಂದು ಕೆಳಗೆ ಹೆಣೆಯೋದು, ಕೊಳೆ ಆದ್ರೆ ಬಿಚ್ಚಿ ಒಗೆದು ಬಿಸಿಲಿಗೆ ಹಾಕ್ಬಹುದು. ಮಕ್ಕಳಿರೋ ಮನೆಗೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಅಜ್ಜನ ಕುರ್ಚಿಗೆ ನವಾರು ಹಾಕಿದ್ರೆ ಪಂಚೆ ಮೇಲೆ ಟೀ ಶರ್ಟ್ ಹಾಕಿದಂಗೆ ಕಾಣುತ್ತೆ, ಅದೊಂದು.

ಬೂಷ್ಟಿನ ವಿಷಯ ಅಮ್ಮ ಹೇಳೋದು ನಿಜ. ಆದ್ರೆ ಒಂದು ನೋಡಿ. ದಿನಾ ಕೂರೋ ಕುರ್ಚಿಗೆ ಬೂಷ್ಟು ಕಮ್ಮಿ, ಜಗುಲಿ ಮೂಲೇಲಿ ನೆಂಟರಿಗೆ ಅಂತ ಎತ್ತಿಟ್ಟಿದ್ದಕ್ಕೇ ಜಾಸ್ತಿ. ನಮ್ಮನೇಲಿ ಮಳೆಗಾಲ ಶುರುವಾದ್ರೆ ಊಟದ ಕುರ್ಚಿನೆಲ್ಲ ಒಲೆ ಇರೋ ಅಡಿಗೆಮನೆ ಗೋಡೆ ಕಡೆ ಎಳೀತೀವಿ, ಗೋಡೆಗೆ ತಾಗಿಸಲ್ಲ, ಗಾಳಿ ಆಡ್ಬೇಕು. ಬೂಷ್ಟು ಬಂದ್ರೆ ಹಳೇ ಹಲ್ಲುಜ್ಜೋ ಬ್ರಷ್ಷಿಗೆ ವಿನೆಗರ್ ನೀರು ಹಾಕಿ ಉಜ್ಜಿ ಬಟ್ಟೆಲಿ ಒರೆಸಿ ಒಲೆ ಹತ್ರ ಒಣಗಿಸೋದು. ಮೊರ ಬುಟ್ಟಿನೆಲ್ಲ ಅಟ್ಟದ ಹೊಗೇಲಿ ಇಡ್ತಿದ್ರಲ್ಲ ಹಿರಿಯರು, ಕುಟ್ಟೆ ಹಿಡೀತಿರ್ಲಿಲ್ಲ. ಈಗ ಗ್ಯಾಸು ಬಂದು ಹೊಗೆನೂ ಇಲ್ಲ ಅಟ್ಟನೂ ಇಲ್ಲ.

ಸೀಟಿನ ಮೇಲೆ ದಪ್ಪ ಸ್ಪಂಜಿನ ಕುಶನ್ ಹಾಕಿ ಗಂಟು ಕಟ್ಟಿಡ್ಬೇಡಿ. ಅದರಡಿ ಬೆವರಿ ಬೂಷ್ಟು ಹಿಡಿಯೋದು ಗೊತ್ತೇ ಆಗಲ್ಲ.

ಅಡಿಕೆ ಸುಲಿಯೋನು:

ಒಂದು ಡೌಟು. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ, ಮೈಲುತುತ್ತ ಸುಣ್ಣದ ನೀಲಿ ದ್ರಾವಣ, ಮಿಕ್ಕಿರುತ್ತಲ್ಲ, ಅದನ್ನೇ ಕುರ್ಚಿಗೂ ಹೊಡೀಬಹುದಾ, ಬೂಷ್ಟೂ ಫಂಗಸ್ಸೇ ತಾನೆ.

ಹೊಸನಗರ ಅತ್ತಿಗೆ:

ಹೊಡೀರಿ. ಎದ್ದ ಮೇಲೆ ಪಂಚೆ ಹಿಂದೆ ಬಾವುಟದ ಥರ ನೀಲಿ ಚೌಕ ಬರುತ್ತೆ, ಮದುವೆ ಮನೆಗೆ ಹೋಗಿ.

ಮಂಡಗದ್ದೆಯವ:

ಅತ್ತಿಗೆ ನಿಮ್ಮ ಕಾಮೆಂಟು ಅಮ್ಮಂಗೆ ಓದಿ ಹೇಳಿದೆ, ಬೂಷ್ಟಿನ ಮಾತಿಗೆ ಹೌದೌದು ಅಂದ್ರು, ವಿನೆಗರ್ ಅಂದ್ರೆ ಎಂಥದು ಅಂತ ಕೇಳಿದ್ರು.

ಬಡಗಿಯವ್ರೇ ನೀವು ಹೇಳಿದಂಗೆ ಭಾನುವಾರ ಕುರ್ಚಿ ತಲೆಕೆಳಗೆ ಮಾಡಿದೆ. ರೆಕ್ಸಿನ್ ಇರೋ ಎರಡನ್ನೂ ಅಡಿಯಿಂದ ಬಡಿದು ಬಿಚ್ಚಿದೆ. ಪ್ಲೈವುಡ್ ಅಡಿ ಒಂದು ಹಿಡಿ ಧೂಳು, ಒಂದು ಗುಂಡು ಪಿನ್ನು, ಜೊತೆಗೆ ಸುತ್ತಲೂ ತೂತು! ಒಂದೊಂದಕ್ಕೆ 84, ಎರಡು ಸಲ ಎಣಿಸಿದೆ. ಕೆಲವಕ್ಕೆ ಬಿಳಿ ಪುಟ್ಟಿ ತುಂಬಿದಾರೆ, ಯಾಕೆ ಅಂತ ದೇವರೇ ಬಲ್ಲ. ತೂತುಗಳ ಬಾಯಿ ನುಣ್ಣಗೆ ಸವೆದಿದೆ, ಬೆರಳು ಆಡಿಸಿದ್ರೆ ಬಾವಿ ಕಟ್ಟೆಲಿ ಹಗ್ಗ ತಿಕ್ಕಿದ ಜಾಗ ಇರುತ್ತಲ್ಲ ಹಂಗೆ. ಒಂದು ಕುರ್ಚಿಯ ಹಿಂದಿನ ಪಟ್ಟಿಯಲ್ಲಿ ಮಾತ್ರ ಸಣ್ಣ ಸಣ್ಣ ತೂತು, ತಟ್ಟಿದ್ರೆ ಹಳದಿ ಪುಡಿ ಉದುರುತ್ತೆ, ಅದು ಬೆತ್ತಕ್ಕೆ ಕೊರೆದ ತೂತಲ್ಲ ಅಂತ ನಂಗೂ ಗೊತ್ತಾಯ್ತು.

ಈಗ ಇದನ್ನ ಹೆಣೆಯೋರು ಎಲ್ಲಿ ಸಿಗ್ತಾರೆ? ಗಾಂಧಿ ಬಜಾರಲ್ಲಿ ಎರಡು ಕಡೆ ಕೇಳಿದೆ, ಒಬ್ರು ಪ್ಲಾಸ್ಟಿಕ್ ವೈರ್ ಹಾಕ್ಕೊಡ್ತೀನಿ ಅಂದ್ರು, ಇನ್ನೊಬ್ರು ಪುನಃ ಪ್ಲೈವುಡ್ಡೇ ಹಾಕಿ ಸಾರ್ ಗಟ್ಟಿ ಇರುತ್ತೆ ಅಂದ್ರು.

ಸಾಗರದ ಬಡಗಿ:

84 ತೂತು ಅಂದ್ರೆ ಹೆಚ್ಚುಕಮ್ಮಿ ಪಕ್ಕಾ ಅಳತೆ. ಆ ಪುಟ್ಟಿನ ಸಣ್ಣ ಮೊಳೆ ಇಟ್ಟು ನಿಧಾನ ಕುಟ್ಟಿ ತೆಗೀರಿ, ಡ್ರಿಲ್ ಹಾಕ್ಬೇಡಿ. ಆ ತೂತು ಬೈರಿಗೇಲಿ ಕೈಯಲ್ಲೇ ಕೊರೆದಿರೋದು, ಸ್ವಲ್ಪ ಓರೆ ಇರ್ತಾವೆ, ಡ್ರಿಲ್ ಬಿಟ್ರೆ ದೊಡ್ಡದಾಗಿ ಪಟ್ಟಿ ವೀಕ್ ಆಗುತ್ತೆ.

ಕುಟ್ಟೆ ಹಿಡಿದ ಪಟ್ಟಿ ಗಟ್ಟಿ ಇದೆಯಾ ನೋಡಿ, ಉಳಿ ತುದಿ ಒತ್ತಿದ್ರೆ ಒಳಗೆ ಹೋದ್ರೆ ಆ ಒಂದು ಪಟ್ಟಿ ಬದಲಾಯಿಸ್ಬೇಕು, ಹಲಸೇ ಹಾಕ್ಸಿ. ಗಟ್ಟಿ ಇದ್ರೆ ಬೊರಾಕ್ಸ್ ಮತ್ತೆ ಬೋರಿಕ್ ಪುಡಿ ಬಿಸಿ ನೀರಲ್ಲಿ ಕರಗಿಸಿ ಬ್ರಷ್ಷಲ್ಲಿ ಎರಡು ಮೂರು ಸಲ ಕುಡಿಸಿ ಒಣಗಿಸಿ. ಸೀಮೆಎಣ್ಣೆ ಹಾಕಿ ಅಂತ ಯಾರಾದ್ರೂ ಹೇಳ್ತಾರೆ, ಹಾಕ್ಬೇಡಿ, ಊಟದ ಜಾಗ ಅದು.

ಬೆತ್ತದ ವಿಷಯಕ್ಕೆ ಬಂದ್ರೆ. ಬೆತ್ತ ಅನ್ನೋದು ಹುಲ್ಲೂ ಅಲ್ಲ ಬಿದಿರೂ ಅಲ್ಲ, ಅದು ನಮ್ಮ ಅಡಿಕೆ, ತೆಂಗು, ಬೈನೆ ಇದಾವಲ್ಲ ಅದೇ ಕುಟುಂಬದ ಬಳ್ಳಿ. ಮುಳ್ಳು ಹಾಕಿ ಮರ ಹಿಡ್ಕೊಂಡು ಮೇಲೆ ಹೋಗುತ್ತೆ. ಕುರ್ಚಿಗೆ ಬೇಕಾಗೋದು ಅದರ ಹೊರಗಿನ ಸಿಪ್ಪೆ ಮಾತ್ರ, ಅದನ್ನ 2-3 ಮಿಲಿಮೀಟರ್ ಅಗಲ ಸೀಳಿ ಎಳೆ ಮಾಡ್ತಾರೆ. ಎಳೆಯ ಒಂದು ಮುಖ ಹೊಳಪು, ನೀರು ಕುಡಿಯಲ್ಲ. ಇನ್ನೊಂದು ಮುಖ ಒರಟು, ಅದು ಕುಡಿಯುತ್ತೆ. ಇದು ನೆನಪಿಟ್ಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತೆ. ನಮ್ಮ ಕಾಡಲ್ಲೂ ಬೆತ್ತ ಇದೆ, ಹಂದಿಬೆತ್ತ ಅಂತ ದಪ್ಪಂದು ನೋಡಿರ್ತೀರಿ, ಆದ್ರೆ ಹಾರೆ ಕತ್ತಿ ಹಿಡ್ಕೊಂಡು ಹೋಗಿ ಕಡ್ಕೊಂಡು ಬರೋಣ ಅಂತ ಯೋಚಿಸ್ಬೇಡಿ, ಅರಣ್ಯ ಇಲಾಖೆ ಪರ್ಮಿಶನ್ ಇಲ್ದೆ ಅದು ಕೇಸು. ಸೀಳಿ ರೆಡಿ ಮಾಡಿದ ಎಳೆ ಕಟ್ಟಲ್ಲಿ ಸಿಗುತ್ತೆ, ತರಿಸ್ಕೊಳ್ಳೋದೇ ದಾರಿ. ಒಂದು ಸೀಟಿಗೆ 75-80 ಮೀಟರ್ ಬೇಕಾಗುತ್ತೆ ಅಂದ್ಕೊಳ್ಳಿ. ರೇಟು ಮೊದಲಿನಂಗಿಲ್ಲ. ಪ್ರಪಂಚದ ಬೆತ್ತದಲ್ಲಿ ಹೆಚ್ಚಿನ ಪಾಲು ಇಂಡೋನೇಷ್ಯಾದ್ದು, ಅವರು 2012ರಲ್ಲಿ ಕಚ್ಚಾ ಬೆತ್ತ ಹೊರಗೆ ಕಳ್ಸೋದು ನಿಲ್ಲಿಸಿದ್ರು, ಮಾಡಿದ ಕುರ್ಚಿನೇ ತಗೊಳ್ಳಿ ಅಂತ. ಅವರ ಲೆಕ್ಕ ಅವರಿಗೆ ಸರಿ.

ಹೆಣೆಯೋರು ಸಿಗ್ಲಿಲ್ಲ ಅಂದ್ರೆ ನೀವೇ ಹೆಣೀರಿ. ತಮಾಷೆಗೆ ಹೇಳ್ತಿಲ್ಲ. ಏಳು ಹಂತ ಅಷ್ಟೇ.

ನಿವೃತ್ತ ಮೇಷ್ಟ್ರು:

ಈ ಚರ್ಚೆ ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿವಮೊಗ್ಗದಲ್ಲಿ ಕಚೇರಿ ಕುರ್ಚಿಗಳೆಲ್ಲ ಬೆತ್ತದವೇ, ವರ್ಷಕ್ಕೊಮ್ಮೆ ಒಬ್ಬರು ಬಂದು ಹರಿದವನ್ನೆಲ್ಲ ವರಾಂಡದಲ್ಲಿ ಸಾಲಾಗಿ ಇಟ್ಟುಕೊಂಡು ಹೆಣೀತಿದ್ರು, ಅವರಿಗೆ ಎರಡೂ ಕಣ್ಣು ಕಾಣ್ತಿರಲಿಲ್ಲ. ಆಗ ಅಂಧರ ಶಾಲೆಗಳಲ್ಲಿ ಕುರ್ಚಿ ಹೆಣೆಯೋದು ಕಲಿಸ್ತಿದ್ರು, ಸರ್ಕಾರಿ ಕಚೇರಿ ಕುರ್ಚಿ ಕೆಲಸ ಬಾಳ ಕಡೆ ಅವರಿಗೇ ಹೋಗ್ತಿತ್ತು. ನಾನು ಟೀ ಬ್ರೇಕಲ್ಲಿ ಹೋಗಿ ಪಕ್ಕದಲ್ಲಿ ಕೂರ್ತಿದ್ದೆ.

ಒಂದು ಬಕೆಟ್ ನೀರಲ್ಲಿ ಬೆತ್ತದ ಎಳೆ ಸುರುಳಿ ಸುರುಳಿ ನೆನೀತಿರೋದು, ಅರ್ಧ ಗಂಟೆಗಿಂತ ಜಾಸ್ತಿ ಬಿಡ್ತಿರಲಿಲ್ಲ, ಹೆಚ್ಚು ನೆಂದ್ರೆ ಕಪ್ಪಾಗುತ್ತೆ ಮೇಷ್ಟ್ರೇ ಅನ್ನೋರು. ಒಂದು ಎಳೆ ಎಳೆದು ಹೆಬ್ಬೆರಳ ಉಗುರಲ್ಲಿ ಸವರಿ ಹೊಳಪು ಯಾವ ಕಡೆ ಒರಟು ಯಾವ ಕಡೆ ಅಂತ ನೋಡ್ಕೊಳ್ಳೋರು, ಆಮೇಲೆ ನಡುವಿನ ತೂತಿಂದ ಶುರು. ತುದಿ ಜಾರದಂಗೆ ತೂತಿಗೆ ಅಡಿಕೆ ದಬ್ಬೆಯ ಸಣ್ಣ ಬೆಣೆ ತುರುಕೋರು, ಬಾಯಲ್ಲಿ ಯಾವಾಗಲೂ ಎರಡು ಬೆಣೆ ಕಚ್ಚಿಕೊಂಡಿರ್ತಿದ್ರು, ಬೀಡಿ ಹಿಡಿದಂಗೆ. ಮೊದಲ ಎರಡು ಹಂತ ನೇಯ್ಗೆನೇ ಅಲ್ಲ, ಹಿಂದಿಂದ ಮುಂದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡ ಒಂದು ಸಾಲು, ಬರೀ ಹಾಸೋದು. ಮೂರನೇದು ಮತ್ತೆ ಹಿಂದಿಂದ ಮುಂದಕ್ಕೆ, ಅದನ್ನೂ ಮೇಲೆ ಹಾಸೋದೇ, ಮೊದಲ ಸಾಲಿನ ಒಂದು ಕೂದಲು ಪಕ್ಕಕ್ಕೆ. ನಾಲ್ಕನೇದು ಅಡ್ಡ, ಅಲ್ಲಿಂದ ನಿಜವಾದ ನೇಯ್ಗೆ ಶುರು, ಒಂದರ ಮೇಲೆ ಒಂದರ ಕೆಳಗೆ, ಆಗ ಎಳೆಗಳು ಜೋಡಿ ಜೋಡಿಯಾಗಿ ಸಣ್ಣ ಚೌಕ ಬೀಳುತ್ತೆ. ಐದು ಆರು ಓರೆ, ಒಂದು ಈ ಮೂಲೆಯಿಂದ ಇನ್ನೊಂದು ಆ ಮೂಲೆಯಿಂದ, ಅದಾದ ಮೇಲೆ ಚೌಕ ಹೋಗಿ ಎಂಟು ಮೂಲೆಯ ಕಣ್ಣು ಬರುತ್ತೆ. ಕೊನೇದು ಅಂಚಿಗೆ ಅಗಲ ಎಳೆ ಇಟ್ಟು ತೂತು ಮುಚ್ಚಿ ಕಟ್ಟೋದು.

ಒಂದು ಹಂತ ಮುಗಿದ ಮೇಲೆ ಬೆರಳಲ್ಲಿ ಎಳೆ ಮೀಟೋರು, ವೀಣೆ ತಂತಿ ಮೀಟಿದಂಗೆ. ಒಣಗ್ತಾ ಒಣಗ್ತಾ ಶ್ರುತಿ ಏರುತ್ತೆ ಅಂತಿದ್ರು, ನಾನು ನಗ್ತಿದ್ದೆ. ಮಾರನೇ ದಿನ ಬೆಳಿಗ್ಗೆ ನನ್ನ ಕೈಯಲ್ಲೇ ಮೀಟಿಸಿದ್ರು, ನಿನ್ನೆ ಬೊದ್ ಅನ್ನುತ್ತಿದ್ದ ಸೀಟು ಅವತ್ತು ಟಣ್ ಅನ್ನುತ್ತಿತ್ತು. ಹಸಿ ಇದ್ದಾಗ ಹಿಗ್ಗಿರುತ್ತೆ, ಒಣಗಿದಾಗ ಬಿಗಿಯುತ್ತೆ. ಬಡಗಿಯವರು ಹೇಳಿದ ಒರಟು ಮುಖದ ಗುಟ್ಟು ಅದೇ ಇರಬೇಕು. ಒಂದು ಸೀಟಿಗೆ ಎರಡು ದಿನ ತಗೊಳ್ತಿದ್ರು. ಆಮೇಲೆ ಕಚೇರಿಗೆ ಪ್ಲಾಸ್ಟಿಕ್ ವೈರಿನ ಕುರ್ಚಿ ಬಂತು, ಅದನ್ನೂ ಸ್ವಲ್ಪ ದಿನ ಅವರೇ ಹೆಣೆದ್ರು, ಆಮೇಲೆ ಚಕ್ರದ ಕುರ್ಚಿ ಬಂತು.

ಸಾಗರದ ಬಡಗಿ:

ಮೇಷ್ಟ್ರೇ ಒಂದಕ್ಷರ ತಪ್ಪಿಲ್ಲ. ಅದೇ ಗುಟ್ಟು. ವರ್ಷಗಟ್ಟಲೆ ಕೂತು ಸೀಟು ಜೋತು ಬಿದ್ರೆ ಕುರ್ಚಿ ತಲೆಕೆಳಗೆ ಮಾಡಿ ಬಿಸಿ ನೀರಲ್ಲಿ ಹಿಂಡಿದ ಬಟ್ಟೆ ಅಡಿಯಿಂದ ಹಾಕಿ ಅರ್ಧ ಗಂಟೆ ಬಿಟ್ಟು, ತೆಗೆದು, ಒಂದಿಡೀ ದಿನ ಯಾರೂ ಕೂರದಂಗೆ ನೋಡ್ಕೊಂಡ್ರೆ ತಾನೇ ಬಿಗಿಯುತ್ತೆ. ಎಳೆ ತುಂಡಾಗಿರಬಾರದು ಅಷ್ಟೇ. ಅದಕ್ಕೇ ಅಡಿ ಭಾಗಕ್ಕೆ ವಾರ್ನಿಷ್ ಹೊಡೀಬಾರದು, ಹೊಡೆದ್ರೆ ನೀರು ಕುಡಿಯೋ ದಾರಿ ಮುಚ್ಚಿಹೋಗುತ್ತೆ.

ಇನ್ನೊಂದು, ಎಲ್ಲರೂ ಮಳೆಗೆ ಹೆದರ್ತಾರೆ. ನನ್ನ ಅನುಭವದಲ್ಲಿ ಬೆತ್ತ ತುಂಡಾಗೋದು ಮಾರ್ಚ್ ಏಪ್ರಿಲಲ್ಲಿ. ಒಣಗಿ ಗರಿಗರಿ ಆಗಿರುತ್ತೆ, ಮಗು ಮೊಣಕಾಲೂರಿದ್ರೆ ಚಟ್. ಶಿವರಾತ್ರಿ ಕಳೆದ ಮೇಲೆ ತಿಂಗಳಿಗೊಂದ್ಸಲ ಅಡಿಯಿಂದ ಒದ್ದೆ ಬಟ್ಟೆಲಿ ಒರೆಸಿ. ಮಳೆಗಾಲದ ಬೂಷ್ಟು ಒರೆಸಿದ್ರೆ ಹೋಗುತ್ತೆ, ತುಂಡಾದ ಎಳೆ ಕೂಡಲ್ಲ.

ಕೊಪ್ಪದ ಕಾಫಿಯವರೇ, ನಿಮ್ಮ ಕುರ್ಚಿನೂ ಸತ್ತಿಲ್ಲ. ಹಳೇ ಬೀಡಿಂಗ್ ಮೇಲೆ ಬಿಸಿ ವಿನೆಗರ್ ಬಿಟ್ಟು ಮೆತ್ತಗೆ ಮಾಡಿ ಉಳಿಯಲ್ಲಿ ಎಬ್ಬಿಸಿ, ಗ್ರೂವ್ ಕ್ಲೀನ್ ಮಾಡಿ ಹೊಸ ಶೀಟು ನೆನೆಸಿ ಕೂರಿಸ್ಬಹುದು. ಸಾದಾ ಬಿಳಿ ಫೆವಿಕಾಲ್ ಸಾಕು. ವಾಟರ್‌ಪ್ರೂಫ್ ಗೋಂದು ಹಾಕಿದ್ರೆ ಇನ್ನೊಂದ್ಸಲ ರಿಪೇರಿಗೆ ಬಂದಾಗ ಬೀಡಿಂಗ್ ಬರಲ್ಲ, ಮರನೇ ಬರುತ್ತೆ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಹಿಡೀಬೇಡಿ.

ಕೊಪ್ಪದ ಕಾಫಿ:

ಭಾವನವರಿಗೆ ತಿಳಿಸ್ತೀನಿ.

ಊರು ಬಿಟ್ಟು ಬೆಂಗಳೂರು:

ಮಂಡಗದ್ದೆಯವ್ರೇ ನೀವು ರಿಪೇರಿ ಮಾಡಿಸ್ದಿದ್ರೂ ಗುಜರಿಗೆ ಮಾತ್ರ ಹಾಕ್ಬೇಡಿ. ಚಂಡೀಗಢದಲ್ಲಿ 1950ರ ದಶಕದಲ್ಲಿ ಪಿಯರ್ ಜೀನೆರೆ ಅನ್ನೋ ಆರ್ಕಿಟೆಕ್ಟ್ ಸರ್ಕಾರಿ ಕಚೇರಿಗೆ ಅಂತ ಮಾಡಿಸಿದ ತೇಗ ಬೆತ್ತದ ಕುರ್ಚಿನೆಲ್ಲ ಹಳೇದಾಯ್ತು ಅಂತ ಗುಜರಿ ರೇಟಿಗೆ ಕೊಟ್ರು, ಈಗ ಅವೇ ವಿದೇಶದ ಹರಾಜಲ್ಲಿ ಒಂದೊಂದು ಲಕ್ಷಗಟ್ಟಲೆಗೆ ಹೋಗ್ತಾವೆ. ಮತ್ತೆ 1859ರಲ್ಲಿ ವಿಯೆನ್ನಾದ ಥೋನೆಟ್ ಕಂಪ್ನಿ ಮಾಡಿದ ಕಾಫಿ ಹೌಸ್ ಕುರ್ಚಿ, ಬಗ್ಗಿಸಿದ ಮರದ ಬರೀ ಆರು ತುಂಡು, ಬೆತ್ತದ ಸೀಟು, ಕಾಫಿ ಚೆಲ್ಲಿದ್ರೆ ಹೆಣಿಗೆಯ ಕಣ್ಣಿನೊಳಗಿಂದ ಕೆಳಗೆ ಇಳಿದು ಹೋಗುತ್ತೆ. ಸಾಂಬಾರಿಗೂ ಅದೇ ಲೆಕ್ಕ ಅಲ್ವಾ.

ಹೊಸನಗರ ಅತ್ತಿಗೆ:

ಕೆಳಗೆ ಇಳಿದಿದ್ದನ್ನ ಒರೆಸೋರು ಯಾರು ಅಂತ ಆ ಕಂಪ್ನಿಯವ್ರು ಯೋಚಿಸಿಲ್ಲ ಅನ್ಸುತ್ತೆ.

ಮಂಡಗದ್ದೆಯವ:

ಒಂದೂವರೆ ತಿಂಗಳಾದ ಮೇಲೆ ಬರೀತಿದೀನಿ. ಹೆಣೆಯೋರೊಬ್ರು ಸಿಕ್ಕಿದ್ರು, ತೀರ್ಥಹಳ್ಳಿ ಕಡೆಯ ಮೇದಾರರು, ಬುಟ್ಟಿ ಮೊರ ಮಾಡೋರು, ಅವರ ತಂದೆ ಕುರ್ಚಿ ಹೆಣೀತಿದ್ರಂತೆ. ಒಂದಕ್ಕೆ 1,800 ಅಂದ್ರು, ಬೆತ್ತ ನಂದು. ಎರಡು ಅವರ ಕೈಲಿ ಮಾಡಿಸಿದೆ. ಬಡಗಿಯವ್ರು ಹೇಳಿದಂಗೆ ಕುಟ್ಟೆ ಹಿಡಿದ ಪಟ್ಟಿ ಒಂದು ಬದಲಾಯ್ಸಿದೆ, ಹೊಸ ಹಲಸು ಇನ್ನೂ ಅರಿಶಿನ ಬಣ್ಣ, ಉಳಿದದ್ದೆಲ್ಲ ಕಂದು, ಹಲ್ಲು ಕಟ್ಟಿಸಿದಂಗೆ ಕಾಣುತ್ತೆ, ಇರ್ಲಿ. ಮನೆಯವಳಿಗೆ ಹಿಡಿಸ್ತು, ಬೆಂಗಳೂರಿನ ಅಂಗಡಿ ಮಾತು ನಿಂತಿದೆ. ಅಮ್ಮ ಇನ್ನೂ ಕೂತಿಲ್ಲ, ನೋಡೋಣ ಮಳೆಗಾಲ ಕಳೀಲಿ ಅಂತಾರೆ, ಆದ್ರೆ ಯಾರೂ ಇಲ್ದಾಗ ಕೈಯಲ್ಲಿ ಒತ್ತಿ ನೋಡಿದ್ದು ಮಗಳು ನೋಡಿದಾಳೆ.

ಮೂರನೇದು ನಾನೇ ಹೆಣೆಯೋಕೆ ಕೂತೆ, ಮೇಷ್ಟ್ರ ಕಾಮೆಂಟು ಮೊಬೈಲಲ್ಲಿ ಎದುರು ಇಟ್ಕೊಂಡು. ನಾಲ್ಕು ಹಂತ ರಾತ್ರಿ ಊಟ ಆದ್ಮೇಲೆ ದಿನಾ ಒಂದೊಂದು ಗಂಟೆ ಅಂತ ಒಂಬತ್ತು ದಿನ ಹಿಡೀತು. ಬೆಣೆಗೆ ಅಡಿಕೆ ದಬ್ಬೆನೇ. ಚೌಕ ಚೌಕ ಚೆನ್ನಾಗಿ ಬಿತ್ತು, ಮೀಟಿದ್ರೆ ಟಣ್ ಅನ್ನುತ್ತೆ, ಖುಷಿಗೆ ಎರಡು ಸಲ ಜಾಸ್ತಿ ಮೀಟಿದೆ. ಐದನೇ ಹಂತ ಓರೆ ಎಳೆ ಶುರು ಮಾಡಿದ್ಮೇಲೆ ತೊಂದರೆ. ಎಳೆ ಸಲೀಸಾಗಿ ಜಾರ್ತಾನೇ ಇಲ್ಲ, ಪ್ರತಿ ಜೋಡಿ ಹತ್ರನೂ ತಡೆದು ನಿಲ್ಲುತ್ತೆ, ಜೋರಾಗಿ ಎಳೆದ್ರೆ ಅಂಚಿಂದ ನಾರು ಎದ್ದೇಳುತ್ತೆ, ಎರಡು ಎಳೆ ತುಂಡಾಯ್ತು. ಬೆತ್ತ ಸರಿ ಇಲ್ವಾ, ನೆನೆಸಿದ್ದು ಸಾಲಲ್ವಾ? ಫೋಟೋ ಹಾಕಿದೀನಿ.

ಸಾಗರದ ಬಡಗಿ:

ಫೋಟೋ ನೋಡಿದೆ. ಬೆತ್ತ ಚೆನ್ನಾಗಿದೆ, ನೆನೆಸಿದ್ದೂ ಸರಿ ಇದೆ. ಓರೆ ಉಲ್ಟಾ ಹೋಗಿದೆ. ನಾಲ್ಕನೇ ಹಂತ ಆದ್ಮೇಲೆ ಅಡ್ಡ ಜೋಡಿ ಉದ್ದ ಜೋಡಿ ಸೇರೋ ಕಡೆ ಒಂದು ಸಣ್ಣ ಸಂದಿ ಇರುತ್ತೆ, ಓರೆ ಎಳೆ ಆ ಸಂದಿಯೊಳಗೆ ಇಳೀಬೇಕು. ನೀವು ಉದ್ದ ಜೋಡಿ ಕೆಳಗೆ ಹಾಕ್ಬೇಕಾದ ಕಡೆ ಮೇಲೆ ಹಾಕಿದೀರಿ, ಅದಕ್ಕೆ ಎಳೆ ಸಂದಿಗೆ ಇಳಿಯದೆ ಜೋಡಿ ಬೆನ್ನ ಮೇಲೆ ಹತ್ತಿ ಗರಗಸದ ಥರ ತಿಕ್ತಾ ಇದೆ. ಹಂಗೇ ಮುಗಿಸಿದ್ರೂ ಕೂರೋಕೆ ಆಗುತ್ತೆ, ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಒಂದೊಂದಾಗಿ ತುಂಡಾಗ್ತಾವೆ. ಐದನೇ ಹಂತ ಪೂರ್ತಿ ಬಿಚ್ಚಿ, ಮೇಲೆ ಇರೋದನ್ನ ಕೆಳಗೆ, ಕೆಳಗೆ ಇರೋದನ್ನ ಮೇಲೆ ಮಾಡಿ. ಆರನೇದು ಅದಕ್ಕೆ ತಿರುವುಮುರುವು. ಸರಿ ಹೋದ್ರೆ ಬೆಣ್ಣೆಲಿ ಕೂದಲು ತೆಗೆದಂಗೆ ಜಾರುತ್ತೆ, ನಿಮಗೇ ಗೊತ್ತಾಗುತ್ತೆ.

ನಿವೃತ್ತ ಮೇಷ್ಟ್ರು:

ನಾನು ಆ ಭಾಗ ಬರೆಯದೇ ಬಿಟ್ಟಿದ್ದು ತಪ್ಪಾಯ್ತು. ಅವರು ಬೆರಳಲ್ಲೇ ನೋಡ್ಕೊಳ್ತಿದ್ರು, ನನಗೆ ಕಣ್ಣಿದ್ದೂ ಕಾಣಲಿಲ್ಲ.

ಮಂಡಗದ್ದೆಯವ:

ಮೇಷ್ಟ್ರೇ ಹಂಗೆಲ್ಲ ಅನ್ಬೇಡಿ. ಬಿಚ್ಚಿದೆ. ಒಂದು ಸಾಲು ಹೊಸದಾಗಿ ಹಾಕಿದೆ, ಜಾರ್ತಿದೆ. ಕರೆಂಟ್ ಹೋಗಿದೆ, ಉಳಿದದ್ದು ನಾಳೆ. ಬೆತ್ತ ಬಕೆಟ್ಟಿಂದ ತೆಗೆದಿಟ್ಟೆ, ಇಲ್ಲಾಂದ್ರೆ ಕಪ್ಪಾಗುತ್ತೆ.